ಹನ್ನೊಂದು ಕೆಂಪು ಗುರುತು

ನಮ್ಮ ಮನೆಯವರು ಮೂರು ತಲೆಮಾರಿನಿಂದ ಜನರ ಹೊಟ್ಟೆ ತುಂಬಿಸುವ ಕೆಲಸ ಮಾಡಿಕೊಂಡು ಬಂದವರು. ಅಜ್ಜನ ಕಾಲದ ಗದ್ದೆ ಹೋಗಿ ಅಪ್ಪನ ಕಾಲಕ್ಕೆ ಹೋಟೆಲ್ ಆಯಿತು, ಈಗ ಅದನ್ನು ಅಣ್ಣ ನೋಡಿಕೊಳ್ಳುತ್ತಾನೆ. ನಾನೊಬ್ಬ ಮಾತ್ರ ಹೊಟ್ಟೆಯೊಳಗೆ ಏನಿದೆ ಎಂದು ಕಂಪ್ಯೂಟರಿನಲ್ಲಿ ಬಿಡಿಸುವವನಾದೆ. ಮದುವೆ ಹಾಲ್‌ನಲ್ಲಿ ಯಾರಾದರೂ ನನ್ನ ಉದ್ಯೋಗ ಕೇಳಿದರೆ ಅಣ್ಣ ಮಧ್ಯೆ ಬಾಯಿ ಹಾಕಿ, ಅವನು ಕಾಲೇಜಿನಲ್ಲಿ ಪಾಠ ಮಾಡುತ್ತಾನೆ ಎಂದು ಹೇಳಿ ವಿಷಯ ಮುಗಿಸುತ್ತಾನೆ. ಪಾಠ ಮಾಡುವುದು ನಿಜ, ಭೌತಶಾಸ್ತ್ರ. ಆದರೆ ವಾರದಲ್ಲಿ ಮೂರು ಮಧ್ಯಾಹ್ನ ನಾನು ಮಾಡುತ್ತಿದ್ದದ್ದು ಬೇರೆಯೇ ಕೆಲಸ. ಇಲ್ಲದ ರೋಗಿಯನ್ನು ಇಲ್ಲದ ಯಂತ್ರದೊಳಗೆ ಮಲಗಿಸಿ ಇಲ್ಲದ ಕ್ಯಾನ್ಸರನ್ನು ಹುಡುಕುವುದು. ಊಟದ ಪಂಕ್ತಿಯಲ್ಲಿ ಕೂತು ಇದನ್ನು ವಿವರಿಸಲು ಆಗುವುದಿಲ್ಲ, ಅಣ್ಣನದ್ದೇನೂ ತಪ್ಪಿಲ್ಲ.

ಮೇದೋಜ್ಜೀರಕ ಗ್ರಂಥಿ ಎಂಬುದು ಜಠರದ ಹಿಂದೆ ಅಡ್ಡಕ್ಕೆ ಮಲಗಿರುವ ಒಂದು ಸಣ್ಣ ಅಂಗ. ತಲೆ ಬಲಕ್ಕೆ, ಬಾಲ ಎಡಕ್ಕೆ, ನಡುವೆ ಉದ್ದಕ್ಕೂ ಒಂದು ಸಪೂರ ನಾಳ. ಅಲ್ಲಿ ಕ್ಯಾನ್ಸರ್ ಹುಟ್ಟಿದರೆ ಅದು ಬಹಳ ದಿನ ಯಾರಿಗೂ ಹೇಳುವುದಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಗ್ರಂಥಿಯೂ ಬೂದು, ಗಡ್ಡೆಯೂ ಹೆಚ್ಚುಕಡಿಮೆ ಅದೇ ಬೂದು. ರಕ್ತನಾಳಕ್ಕೆ ಬಣ್ಣದ ಮದ್ದು ಕೊಟ್ಟು ಸರಿಯಾದ ಹೊತ್ತಿಗೆ ಚಿತ್ರ ತೆಗೆದರೆ ಗ್ರಂಥಿ ಸ್ವಲ್ಪ ಬೆಳಗುತ್ತದೆ, ಗಡ್ಡೆ ಮಂಕಾಗಿಯೇ ಉಳಿಯುತ್ತದೆ. ಹೊತ್ತು ತಪ್ಪಿದರೆ ಎರಡೂ ಒಂದೇ. ಹಾಗಾದರೆ ಎಷ್ಟು ಸಣ್ಣ ಗಡ್ಡೆ ಕಾಣಿಸೀತು, ಎಷ್ಟು ಸೆಕೆಂಡಿಗೆ ಕಾಣಿಸೀತು, ರೋಗಿ ಉಸಿರು ಬಿಟ್ಟರೆ ಏನಾದೀತು? ಇದನ್ನೆಲ್ಲ ನಿಜವಾದ ಮನುಷ್ಯರ ಮೇಲೆ ಪರೀಕ್ಷಿಸುವುದು ಸಾಧ್ಯವಿಲ್ಲ, ಒಬ್ಬನನ್ನೇ ಇನ್ನೂರು ಸಲ ಸ್ಕ್ಯಾನ್ ಮಾಡಿದರೆ ಅವನು ಅದರಿಂದಲೇ ಸತ್ತಾನು. ಕಂಪ್ಯೂಟರಿನ ರೋಗಿ ಸಾಯುವುದಿಲ್ಲ. ಅದಕ್ಕಿಂತ ದೊಡ್ಡ ಸುಖವೆಂದರೆ ಅವನ ಗಡ್ಡೆ ಎಲ್ಲಿದೆಯೆಂಬುದು ನಮಗೆ ಮೊದಲೇ ಗೊತ್ತಿರುತ್ತದೆ, ಇಟ್ಟವರು ನಾವೇ. ಉತ್ತರ ಕೈಯಲ್ಲಿ ಹಿಡಿದುಕೊಂಡು ಪ್ರಶ್ನೆ ಕೇಳುವ ಈ ಸ್ಥಿತಿ ಮೇಷ್ಟ್ರಾದ ನನಗೆ ಬಹಳ ಹಿಡಿಸಿತ್ತು.

ಕಂಪ್ಯೂಟರಿನೊಳಗೆ ಒಂದು ದೇಹ ಕಟ್ಟಬೇಕಾದರೆ ಮೊದಲು ಒಬ್ಬ ಆರೋಗ್ಯವಂತನ ನಿಜವಾದ ಸ್ಕ್ಯಾನ್ ಬೇಕು. ಬೇರೆಯವರ ಸ್ಕ್ಯಾನ್ ಬಳಸಲು ಸಮಿತಿಯ ಒಪ್ಪಿಗೆ ಬೇಕು, ಸಮಿತಿಗೆ ಅರ್ಜಿ ಬೇಕು, ಅರ್ಜಿಯಲ್ಲಿ ನಲವತ್ತು ಪುಟ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು. ಆಗ ನೆನಪಾದದ್ದು ಪಡೀಲಿನಲ್ಲಿ ನಾನು ಸ್ಕೂಟರಿನಿಂದ ಬಿದ್ದದ್ದು. ಕೆಲವು ತಿಂಗಳ ಹಿಂದೆ ರಸ್ತೆಗೆ ಚೆಲ್ಲಿದ್ದ ಜಲ್ಲಿಯ ಮೇಲೆ ಜಾರಿ ಬಿದ್ದು ಹ್ಯಾಂಡಲ್ ಹೊಟ್ಟೆಗೆ ಹೊಡೆದಿತ್ತು. ಆಸ್ಪತ್ರೆಯವರು ಬಣ್ಣದ ಮದ್ದು ಹಾಕಿ ಹೊಟ್ಟೆಯ ಸ್ಕ್ಯಾನ್ ಮಾಡಿದ್ದರು. ಒಳಗೆ ಪೆಟ್ಟಾಗಿಲ್ಲ, ಹೆದರಬೇಡಿ, ರಿಪೋರ್ಟನ್ನು ಒಮ್ಮೆ ಹೊಟ್ಟೆಯ ಡಾಕ್ಟರಿಗೆ ತೋರಿಸಿ ಎಂದು ಡ್ಯೂಟಿಯಲ್ಲಿದ್ದ ಡಾಕ್ಟರು ಹೇಳಿದ್ದರು. ಈ ವಾಕ್ಯದ ಮೊದಲರ್ಧ ನನಗೆ ಚೆನ್ನಾಗಿ ಕೇಳಿಸಿತ್ತು.

ಕುಲಶೇಖರದ ನಮ್ಮ ಮನೆಗೆ ಬಂದ ಕೂಡಲೇ ಆ ಲಕೋಟೆಯನ್ನು ನಾವು ಪಾಲು ಮಾಡಿಕೊಂಡಿದ್ದೆವು. ಸಿ.ಡಿ. ನನಗೆ, ಕಾಗದ ಹೆಂಡತಿಗೆ. ಅವಳು ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಕಾಗದವನ್ನು ಕಂಡರೆ ರಂಧ್ರ ಕೊರೆದು ಫೈಲಿಗೆ ಹಾಕದೆ ಬಿಡುವುದಿಲ್ಲ. ಓದಿ ನೋಡಿ ಎಂದು ಎರಡು ಸಲ ಹೇಳಿದ್ದಳು. ನಾನು ದೊಡ್ಡಸ್ತಿಕೆಯಿಂದ, ಚಿತ್ರವೇ ಕೈಯಲ್ಲಿರುವಾಗ ಅದರ ಬಗ್ಗೆ ಇನ್ನೊಬ್ಬರು ಬರೆದ ಪ್ರಬಂಧ ಯಾಕೆ ಓದಬೇಕು ಎಂದೆ. ನೀವೇ ಹಾಗೆಂದರೆ ಸರಿ ಎಂದು ಅವಳು ಅದನ್ನು ಫೈಲಿಗೆ ಹಾಕಿದಳು. ನನ್ನ ಮಾತನ್ನು ಅವಳು ನಂಬಿದ ಕೆಲವೇ ಸಂದರ್ಭಗಳಲ್ಲಿ ಅದೂ ಒಂದು.

ಹೀಗೆ ನನ್ನ ಹೊಟ್ಟೆಯೇ ಮಾದರಿಯಾಯಿತು. ಒಂದೇ ಪುಟದ ಅರ್ಜಿ ಬರೆದು, ಕೊಡುವವನ ಜಾಗದಲ್ಲೂ ತೆಗೆದುಕೊಳ್ಳುವವನ ಜಾಗದಲ್ಲೂ ನಾನೇ ಸಹಿ ಹಾಕಿದೆ. ಯಕೃತ್ತು, ಜಠರ, ಕರುಳು, ಗ್ರಂಥಿ, ಒಂದೊಂದರ ಅಂಚನ್ನೂ ಮೌಸ್ ಹಿಡಿದು ಎಳೆಯಲು ಎರಡು ತಿಂಗಳು ಹಿಡಿಯಿತು. ಮುಗಿದಾಗ ಆ ಫೈಲಿಗೆ 'ಹೆಲ್ದಿ-ಫೈನಲ್' ಎಂದು ಹೆಸರಿಟ್ಟೆ. ತಿದ್ದುಪಡಿಗಳಾದ ಮೇಲೆ ಅದು 'ಹೆಲ್ದಿ-ಫೈನಲ್-ಎರಡು' ಆಯಿತು. ಆಮೇಲೆ ಅದರೊಳಗೆ ಗಡ್ಡೆ ಇಡುತ್ತಾ ಹೋದೆ, ಬಟಾಣಿಯಷ್ಟು, ಪುನರ್ಪುಳಿ ಬೀಜದಷ್ಟು, ಗೋಲಿಯಷ್ಟು, ತಲೆಯಲ್ಲಿ, ನಡುವಿನಲ್ಲಿ, ಬಾಲದಲ್ಲಿ.

ಇದು ಅಮ್ಮನಿಗೆ ಗೊತ್ತಾದದ್ದು ನನ್ನ ಜಂಬದಿಂದಲೇ. ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು, ನೋಡಿ ಇದು ನನ್ನ ಹೊಟ್ಟೆ, ಇದು ನಾನೇ ಇಟ್ಟ ಕ್ಯಾನ್ಸರ್ ಎಂದು ತೋರಿಸಿದೆ. ಅಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೇರೆ ಯಾರದ್ದೂ ಹೊಟ್ಟೆ ಸಿಗಲಿಲ್ಲವಾ ನಿನಗೆ ಎಂದು ತುಳುವಿನಲ್ಲಿ ಕೇಳಿದರು. ಬೇರೆಯವರದ್ದಾದರೆ ನಲವತ್ತು ಪುಟ ಎಂದೆ. ನಿನ್ನ ಹೊಟ್ಟೆಗೆ ಒಂದೇ ಪುಟದ ಬೆಲೆಯಾ ಎಂದು ಕೇಳಿ ಎದ್ದುಹೋಗಿ ದೇವರ ಮುಂದೆ ದೀಪ ಹಚ್ಚಿದರು. ಇದು ಬರೇ ಅಂಕಿಗಳು, ಅಂಕಿಗೆ ಕ್ಯಾನ್ಸರ್ ಬಂದರೆ ಮನುಷ್ಯನಿಗೆ ಬರುವುದಿಲ್ಲ ಎಂದು ನಾನು ಬಾಗಿಲ ಹತ್ತಿರ ನಿಂತು ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅವರು ಕೇಳಿಸಿಕೊಂಡರೋ ಇಲ್ಲವೋ ತಿಳಿಯದು.

ಚಿತ್ರಗಳನ್ನು ಓದಿ ಗಡ್ಡೆ ಗುರುತಿಸಲು ಒಬ್ಬ ರೇಡಿಯಾಲಜಿಸ್ಟ್ ಬೇಕಿತ್ತು. ಮಣ್ಣಗುಡ್ಡದಲ್ಲಿದ್ದ ಒಬ್ಬ ಡಾಕ್ಟರಮ್ಮ ಒಪ್ಪಿಕೊಂಡರು. ನನಗಿಂತ ಆರೇಳು ವರ್ಷ ಹಿರಿಯರು, ಮಾತು ಕಡಿಮೆ. ಪ್ರತಿ ಗುರುವಾರ ಆಸ್ಪತ್ರೆಯ ಕೆಲಸ ಮುಗಿಸಿ ಮೂರು ಗಂಟೆಗೆ ನಮ್ಮ ಲ್ಯಾಬಿಗೆ ಬಂದು, ನಾನು ತರಿಸಿಟ್ಟ ಗೋಳಿಬಜೆಯಲ್ಲಿ ಒಂದೇ ಒಂದನ್ನು ತಿಂದು, ಕೈ ತೊಳೆದು, ಪರದೆಯ ಮುಂದೆ ಕೂರುತ್ತಿದ್ದರು. ದಿನಕ್ಕೆ ಇಪ್ಪತ್ತು ಚಿತ್ರ. ಕೆಲವದರಲ್ಲಿ ಗಡ್ಡೆ ಇಟ್ಟಿರುತ್ತಿದ್ದೆ, ಕೆಲವದರಲ್ಲಿ ಇಲ್ಲ. ಯಾವುದರಲ್ಲಿ ಇದೆ, ಆ ಹೊಟ್ಟೆ ಯಾರದ್ದು ಎಂದು ಅವರಿಗೆ ಗೊತ್ತಿರಬಾರದು. ಅದು ಪರೀಕ್ಷೆಯ ನಿಯಮ.

ಅವರ ಗುರುತುಗಳನ್ನೆಲ್ಲ ನಾನು ಕಾಲೇಜಿನ ಅಂಕದ ಪುಸ್ತಕದಂಥದ್ದೇ ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅಭ್ಯಾಸಬಲ. ಸರಿಯಾದರೆ ನೀಲಿ ಶಾಯಿ, ತಪ್ಪಾದರೆ ಕೆಂಪು. ನಮ್ಮಲ್ಲಿ ಒಮ್ಮೆ ಬರೆದ ಅಂಕವನ್ನು ತಿದ್ದಬೇಕಾದರೆ ಒಂದು ಕ್ರಮವಿದೆ. ಹಳೆಯದನ್ನು ಓದಲು ಬರುವಂತೆ ಒಂದೇ ಗೆರೆ ಹೊಡೆಯಬೇಕು, ಪಕ್ಕದಲ್ಲಿ ಹೊಸದನ್ನು ಬರೆದು ಸಹಿ ಹಾಕಬೇಕು, ಕೊನೆಯ ಅಂಕಣದಲ್ಲಿ ಕಾರಣ ಬರೆಯಬೇಕು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ನಾನು ಆ ಅಂಕಣವನ್ನು ಒಮ್ಮೆಯೂ ಮುಟ್ಟಿದವನಲ್ಲ. ನಾನು ಕೊಟ್ಟ ಅಂಕ ಕೊಟ್ಟದ್ದೇ ಎಂದು ಹುಡುಗರ ಮುಂದೆ ಹೇಳಿಕೊಳ್ಳುತ್ತಿದ್ದೆ.

ಮೊದಲ ಮೂರು ಗುರುವಾರಗಳಲ್ಲಿ ಒಂದು ವಿಚಿತ್ರ ನಡೆಯಿತು. ಗಡ್ಡೆ ಇಟ್ಟಿರದ ಚಿತ್ರಗಳಲ್ಲೂ ಡಾಕ್ಟರಮ್ಮ ಗ್ರಂಥಿಯ ಬಾಲದ ಹತ್ತಿರ ಗುರುತು ಹಾಕುತ್ತಿದ್ದರು. ಪಕ್ಕದಲ್ಲಿ ಸಣ್ಣಕ್ಕೆ, ಬಾಲದ ಕಡೆ ನಾಳ ಅಗಲ, ಆಮೇಲೆ ತಟ್ಟನೆ ಸಪೂರ ಎಂದು ಬರೆಯುತ್ತಿದ್ದರು. ಮೂರು ವಾರದಲ್ಲಿ ಅಂಥವು ಹನ್ನೊಂದಾದವು. ಹನ್ನೊಂದಕ್ಕೂ ನಾನು ಕೆಂಪು ಶಾಯಿಯಲ್ಲಿ ತಪ್ಪು ಎಂದು ಬರೆದೆ. ಒಳಗೊಳಗೆ ಖುಷಿಯೂ ಆಯಿತು, ಸುಳ್ಳು ಹೇಳುವುದಿಲ್ಲ. ಇಷ್ಟು ಅನುಭವ ಇರುವವರೂ ಇಲ್ಲದ್ದನ್ನು ಕಾಣುತ್ತಾರೆ ಎಂದು ನಮ್ಮ ಸಂಶೋಧನಾ ಪ್ರಬಂಧದಲ್ಲಿ ಒಂದು ಪ್ಯಾರಾ ಬರೆಯಬಹುದು ಎಂದು ಲೆಕ್ಕ ಹಾಕಿದೆ.

ಮೂರನೇ ಗುರುವಾರ ಅವರು ಎದ್ದು ಹೋಗುವ ಮೊದಲು ಪರದೆಗೆ ಬೆರಳು ತೋರಿಸಿ ಹೇಳಿದರು, "ಇಲ್ಲಿ ಎಂತದೋ ಉಂಟು. ಗಡ್ಡೆ ಕಾಣುವುದಿಲ್ಲ, ಆದ್ರೆ ನಾಳ ಸುಮ್ಮನೆ ಅಗಲ ಆಗುದಿಲ್ಲ."

ಇಟ್ಟವನು ನಾನು, ಇಲ್ಲಿ ಏನೂ ಇಟ್ಟಿಲ್ಲ ಎಂದು ನಕ್ಕೆ. ಅವರು ಚೀಲ ಹೆಗಲಿಗೆ ಹಾಕಿಕೊಂಡು ಹೋದರು.

ಅವರು ಹೋದ ಮೇಲೆ ಮೂಲ ಫೈಲು ತೆರೆದು ನೋಡಿದೆ. ಹೌದು, ನಾಳ ಬಾಲದ ಕಡೆ ಅಗಲವಾಗಿಯೇ ಇತ್ತು. ಇದು ನಾನು ಅಂಚು ಎಳೆಯುವಾಗ ಕೈ ಅಲುಗಿದ್ದರಿಂದ ಆದದ್ದು, ಇಲ್ಲವೇ ಸ್ಕ್ಯಾನಿನಲ್ಲಿ ಸುಮ್ಮನೆ ಮೂಡುವ ಚುಕ್ಕೆಗಳ ಗದ್ದಲ ಎಂದು ತೀರ್ಮಾನಿಸಿದೆ. ತೀರ್ಮಾನಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ನನ್ನ ಮಾದರಿಯ ಹೆಸರೇ ಹೆಲ್ದಿ ಎಂದಿರುವಾಗ ಅದರ ನಾಳ ಹೇಗೆ ಕೆಟ್ಟಿರಲು ಸಾಧ್ಯ? ಮೌಸ್ ಹಿಡಿದು ಅಗಲವನ್ನು ಸವರಿ, ಪುಸ್ತಕದಲ್ಲಿರುವ ಅಳತೆಗೆ ತಂದು, ಫೈಲನ್ನು 'ಹೆಲ್ದಿ-ಫೈನಲ್-ಮೂರು' ಎಂದು ಉಳಿಸಿದೆ. ಮುಂದಿನ ಗುರುವಾರದಿಂದ ಡಾಕ್ಟರಮ್ಮನ ಆ ಗುರುತುಗಳು ನಿಂತವು. ನನ್ನ ಪುಸ್ತಕ ನೀಲಿ ನೀಲಿಯಾಯಿತು. ಗೋಳಿಬಜೆ ಎರಡು ಪ್ಲೇಟ್ ತರಿಸಿದೆ.

ಮುಂದೆ ಸುಮಾರು ಒಂದು ವರ್ಷ ಹೀಗೆಯೇ ಸಾಗಿತು. ಎಡ ಪಕ್ಕೆಯ ಹಿಂದೆ ಆಗಾಗ ಮಂದ ನೋವು ಬರುತ್ತಿತ್ತು. ಅದಕ್ಕೆ ಕುರ್ಚಿ ಸರಿಯಿಲ್ಲ ಎಂದು ಕಾಲೇಜಿನ ಆಫೀಸಿನವರ ಜೊತೆ ಜಗಳವಾಡಿ ಹೊಸ ಕುರ್ಚಿ ತರಿಸಿದೆ. ನೋವು ಹೊಸ ಕುರ್ಚಿಯಲ್ಲೂ ಬಂದು ಕೂತಿತು.

ಕೊನೆಗೆ ನಮ್ಮ ಕೆಲಸದ ಬಗ್ಗೆ ಕಾಲೇಜಿನಲ್ಲಿ ನನ್ನದೊಂದು ಉಪನ್ಯಾಸ ಇಟ್ಟರು. ಎಂಬತ್ತು ಜನ ಇದ್ದರು, ಡಾಕ್ಟರಮ್ಮ ಮೊದಲ ಸಾಲಿನಲ್ಲಿ. ಮಾದರಿ ಕಟ್ಟುವಾಗ ಬರುವ ಸಣ್ಣಪುಟ್ಟ ದೋಷಗಳನ್ನು ಹೇಗೆ ತಿದ್ದಬೇಕೆಂದು ವಿವರಿಸುತ್ತ, ಉದಾಹರಣೆಗೆ ಎಂದು 'ಹೆಲ್ದಿ-ಫೈನಲ್' ಎರಡರ ಮತ್ತು ಮೂರರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟೆ. ಇಲ್ಲಿ ನೋಡಿ, ನಾಳ ಅಗಲವಾಗಿ ಬಂದಿತ್ತು, ಓದುವವರಿಗೆ ಗೊಂದಲವಾಗುತ್ತಿತ್ತು, ಸವರಿದೆ, ಸರಿಯಾಯಿತು.

ಡಾಕ್ಟರಮ್ಮ ಕೈ ಎತ್ತಿದರು. "ಸವರಿದ್ದು ನೀವು. ಅಗಲ ಮಾಡಿದ್ದು ಯಾರು?"

ಯಾರೂ ಅಲ್ಲ, ಮೂಲ ಸ್ಕ್ಯಾನಿನಲ್ಲಿಯೇ ಹಾಗಿತ್ತು ಎಂದೆ.

"ಮೂಲ ಸ್ಕ್ಯಾನ್ ಯಾರದ್ದು?"

ಪ್ರಯೋಗ ಮುಗಿದಿತ್ತು, ಇನ್ನು ಗುಟ್ಟು ಇಟ್ಟುಕೊಳ್ಳಬೇಕಾದ್ದಿರಲಿಲ್ಲ. ನಾನು ಸಭೆಯ ಕಡೆ ತಿರುಗಿ, ಹೊಟ್ಟೆಯ ಮೇಲೆ ಕೈಯಿಟ್ಟು, ನನ್ನದೇ ಎಂದೆ. ಸಭೆ ಗೊಳ್ಳೆಂದು ನಕ್ಕಿತು. ಆ ನಗು ಬರಲಿ ಎಂದೇ ನಾನು ಈ ವಿಷಯವನ್ನು ಕೊನೆಗೆ ಕಾದಿರಿಸಿದ್ದೆ. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಪರದೆಯ ಮೇಲಿನ ಎರಡು ಚಿತ್ರಗಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎಂಟೂವರೆ ಸಾವಿರ ಸಲ ಪಾಠ ಮಾಡಿದ ಬಾಯಿ ನನ್ನದು, ಮುಂದಿನ ಸ್ಲೈಡಿನಲ್ಲಿ ಏನು ಹೇಳಿದೆನೋ ನನಗೇ ತಿಳಿಯಲಿಲ್ಲ.

ಚಹಾದ ಹೊತ್ತಿಗೆ ಅವರು ಹತ್ತಿರ ಬಂದು, ಸ್ಕ್ಯಾನ್ ಯಾವಾಗಿನದು, ರಿಪೋರ್ಟಿನಲ್ಲಿ ಏನಿತ್ತು ಎಂದು ಕೇಳಿದರು. ಒಂದೂವರೆ ವರ್ಷದ ಹಿಂದಿನದು, ರಿಪೋರ್ಟು ಓದಿಲ್ಲ ಎಂದೆ.

"ಓದ್ಲಿಲ್ವಾ?" ಎಂದು ಕೇಳಿ ಚಹಾದ ಲೋಟ ಕೆಳಗಿಟ್ಟರು. ಆಮೇಲೆ ಹೇಳಿದರು, "ನಾಳೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ. ನಾನೇ ಮಾಡ್ತೇನೆ."

ಮನೆಗೆ ಹೋಗಿ ಹೆಂಡತಿಯ ಹತ್ತಿರ ಆ ಕಾಗದ ಕೇಳಿದೆ. ಅವಳು ಕಪಾಟಿನಿಂದ ಫೈಲು ತೆಗೆದು ಹತ್ತು ಸೆಕೆಂಡಿನಲ್ಲಿ ಕೈಗಿತ್ತಳು. ಎರಡು ಪುಟ. ಮೊದಲ ಪುಟದಲ್ಲಿ ಪೆಟ್ಟಿನ ವಿಷಯ, ಯಾವುದಕ್ಕೂ ಏನೂ ಆಗಿಲ್ಲ. ಎರಡನೇ ಪುಟದ ಕೊನೆಯಲ್ಲಿ ಎರಡು ಸಾಲು. ಮೇದೋಜ್ಜೀರಕದ ನಾಳ ಬಾಲದ ಭಾಗದಲ್ಲಿ ಹಿಗ್ಗಿದೆ, ಕೆಲವು ತಿಂಗಳೊಳಗೆ ಎಂ.ಆರ್.ಐ. ಮಾಡಿಸುವುದು ಒಳ್ಳೆಯದು. ಪೆಟ್ಟಿಗೆ ಸಂಬಂಧವೇ ಇಲ್ಲದ ವಿಷಯವನ್ನು ಯಾರೋ ಪುಣ್ಯಾತ್ಮರು ನೋಡಿ, ಬರೆದು, ಸಹಿ ಹಾಕಿದ್ದರು. ಕಪಾಟಿಗೆ ಗೊತ್ತಿತ್ತು, ಕಂಪ್ಯೂಟರಿಗೆ ಗೊತ್ತಿತ್ತು, ಡಾಕ್ಟರಮ್ಮ ಹನ್ನೊಂದು ಸಲ ಹೇಳಿದ್ದರು. ಗೊತ್ತಿಲ್ಲದೆ ಉಳಿದವನು ನಾನೊಬ್ಬನೇ. ಹೆಂಡತಿ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಓದಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ನೆಲದ ಮೇಲೆ ಕೂತು ಅಳಲು ಶುರುಮಾಡಿದಳು, ನಾನೇ ಓದಬೇಕಿತ್ತು, ನಾನೇ ಓದಬೇಕಿತ್ತು ಎಂದು. ನನಗೆ ಭಯವಾದದ್ದು ಆಗ. ಅಲ್ಲಿಯವರೆಗೆ ನಾಚಿಕೆ ಮಾತ್ರ ಇತ್ತು.

ಮರುದಿನ ಎಂ.ಆರ್.ಐ. ಯಂತ್ರದೊಳಗೆ ಮಲಗಿದಾಗ ಉಸಿರು ಬಿಗಿಹಿಡಿಯಲು ಹೇಳಿದರು. ನನ್ನ ಕಂಪ್ಯೂಟರಿನ ರೋಗಿ ಇಪ್ಪತ್ತು ಸೆಕೆಂಡು ಕಲ್ಲಿನ ಹಾಗೆ ಉಸಿರು ಹಿಡಿಯುತ್ತಿದ್ದ, ಹಾಗೆಂದು ನಾನೇ ಬರೆದಿದ್ದೆ. ಉಸಿರಾಟದ ಅಲುಗಾಟವನ್ನೂ ಸೇರಿಸಿ ಎಂದು ಡಾಕ್ಟರಮ್ಮ ಹೇಳಿದಾಗ, ರೋಗಿಗಳಿಗೆ ಸ್ವಲ್ಪ ಶಿಸ್ತು ಇರಬೇಕು ಎಂದಿದ್ದೆ. ಈಗ ಎಂಟಕ್ಕೇ ನನ್ನ ಉಸಿರು ಬಿಟ್ಟುಹೋಯಿತು. ಮತ್ತೆ ಪ್ರಯತ್ನಿಸಿದರೆ ಒಂಬತ್ತು. ಹೊರಗೆ ಕೂತಿದ್ದ ಟೆಕ್ನಿಷಿಯನ್ ಸಮಾಧಾನದಿಂದ, "ಪರ್ವಾಗಿಲ್ಲ ಸರ್, ಇನ್ನೊಮ್ಮೆ ಮಾಡುವ" ಎಂದು ಐದು ಸಲ ಹೇಳಿದ. ಐದನೆಯ ಸಲ ನಾನು ಒಳಗೆ ಅಳುತ್ತಿದ್ದೆ, ಆದ್ದರಿಂದ ಅದೂ ಅಲುಗಿತು.

ಬಾಲದಲ್ಲಿ ನಿಜವಾಗಿಯೂ ಒಂದು ಗಂಟು ಇತ್ತು, ಪುನರ್ಪುಳಿ ಬೀಜದಷ್ಟು. ಅದೇ ಜಾಗದಲ್ಲಿ ಅದೇ ಗಾತ್ರದ್ದನ್ನು ನಾನು ಎಷ್ಟೋ ಸಲ ಇಟ್ಟು ತೆಗೆದಿದ್ದೆ. ಗ್ರಂಥಿಯ ಬಾಲವನ್ನೂ ಜೊತೆಗೆ ಅದರ ತುದಿಗೆ ತಾಗಿಕೊಂಡಿರುವ ಗುಲ್ಮವನ್ನೂ ಕತ್ತರಿಸಿ ತೆಗೆದರು. ಪರೀಕ್ಷೆಯ ಫಲಿತಾಂಶ ಬರಲು ಒಂಬತ್ತು ದಿನ. ಆ ಒಂಬತ್ತು ದಿನ ಅಣ್ಣ ಹೋಟೆಲನ್ನು ಮ್ಯಾನೇಜರಿಗೆ ಬಿಟ್ಟು ನನ್ನ ಮಂಚದ ಪಕ್ಕ ಕೂತು, ಯಾರೇ ನೋಡಲು ಬಂದರೂ, ಇವನು ಕ್ಯಾನ್ಸರ್ ಹುಡುಕುವ ವಿಜ್ಞಾನಿ ಎಂದು ಪರಿಚಯಿಸುತ್ತಿದ್ದ. ಜೀವನದಲ್ಲಿ ಮೊದಲ ಸಲ ಅಣ್ಣ ನನ್ನ ಉದ್ಯೋಗವನ್ನು ಸರಿಯಾಗಿ ಹೇಳಿದ್ದು, ಅದೂ ನಾನು ಅದಕ್ಕೆ ಲಾಯಕ್ಕಲ್ಲ ಎಂದು ಸಾಬೀತಾದ ಮೇಲೆ. ಹತ್ತನೆಯ ದಿನ ಸರ್ಜನ್ ಬಂದು, ಅದು ಕ್ಯಾನ್ಸರ್ ಆಗುವ ಅಂಚಿನಲ್ಲಿತ್ತು, ಆಗಿರಲಿಲ್ಲ, ಇನ್ನಷ್ಟು ತಿಂಗಳು ಬಿಟ್ಟಿದ್ದರೆ ಮಾತೇ ಬೇರೆ ಎಂದರು. ನಾನು ಎಷ್ಟು ತಿಂಗಳು ಬಿಟ್ಟಿದ್ದೆ ಎಂದು ಅವರು ಕೇಳಲಿಲ್ಲ.

ಅಮ್ಮನಿಗೆ ಇವತ್ತಿಗೂ ಅನುಮಾನವಿಲ್ಲ. ಕಂಪ್ಯೂಟರಿನಲ್ಲಿ ಇಟ್ಟದ್ದೇ ಹೊಟ್ಟೆಗೆ ಇಳಿದದ್ದು. ಹಾಗಲ್ಲ, ಇದು ಮೊದಲೇ ಇತ್ತು, ಸ್ಕೂಟರಿನಿಂದ ಬಿದ್ದ ದಿನವೇ ಇತ್ತು, ನಾನು ಇಟ್ಟದ್ದು ಆಮೇಲೆ ಎಂದು ನೀರುದೋಸೆಯ ಮುಂದೆ ಕೂತು ದಿನಾಂಕ ಸಮೇತ ವಿವರಿಸಿದೆ. ಅವರು ದೋಸೆ ಬಡಿಸುತ್ತ ಪೂರ್ತಿ ಕೇಳಿದರು.

ಆಮೇಲೆ ಕೇಳಿದರು: "ಮೊದಲೇ ಇದ್ದದ್ದಾದ್ರೆ ನಿಂಗೆ ಯಾಕೆ ಕಾಣ್ಲಿಲ್ಲ?"

ತುಳುವಿನಲ್ಲಿ ಕೇಳಿದ್ದನ್ನು ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇನ್ನೊಂದು ದೋಸೆ ಹಾಕಿ ಎಂದೆ.

ಮೂರು ತಿಂಗಳ ನಂತರ ಒಂದು ಗುರುವಾರ ಲ್ಯಾಬಿಗೆ ಹೋದೆ. ಮೊದಲು 'ಹೆಲ್ದಿ-ಫೈನಲ್-ಮೂರು' ಅಳಿಸಿದೆ. 'ಹೆಲ್ದಿ-ಫೈನಲ್-ಎರಡು' ತೆರೆದು, ಹಿಗ್ಗಿದ ನಾಳ ಇದ್ದ ಹಾಗೆಯೇ ಇಟ್ಟು, ಹೆಸರಿನಿಂದ ಹೆಲ್ದಿ ತೆಗೆದುಹಾಕಿದೆ. ಒಂದು ವರ್ಷದ ಲೆಕ್ಕಾಚಾರವೆಲ್ಲ ಮತ್ತೆ ಮಾಡಬೇಕು, ಬೇರೆ ಆರೋಗ್ಯವಂತರ ಸ್ಕ್ಯಾನ್ ಬೇಕು. ನಲವತ್ತು ಪುಟದ ಅರ್ಜಿಯನ್ನು ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟುಕೊಂಡೆ. ಆಮೇಲೆ ಕಪಾಟಿನಿಂದ ಅಂಕದ ಪುಸ್ತಕ ತೆಗೆದೆ.

ಮೂರು ಗಂಟೆಗೆ ಡಾಕ್ಟರಮ್ಮ ಬಂದಾಗ ನಾನು ಹನ್ನೊಂದರಲ್ಲಿ ನಾಲ್ಕನೆಯದನ್ನು ತಿದ್ದುತ್ತಿದ್ದೆ. ಕೆಂಪು ಶಾಯಿಯ ತಪ್ಪಿಗೆ ಒಂದೇ ಗೆರೆ, ಓದಲು ಬರುವಂತೆ. ಪಕ್ಕದಲ್ಲಿ ನೀಲಿಯಲ್ಲಿ ಸರಿ, ಅದರ ಕೆಳಗೆ ಸಹಿ. ಕೊನೆಯ ಅಂಕಣದಲ್ಲಿ ಕಾರಣ: ರೋಗ ಇತ್ತು, ಪರೀಕ್ಷಕನಿಗೆ ಗೊತ್ತಿರಲಿಲ್ಲ. ಅವರು ಗೋಳಿಬಜೆ ತಿನ್ನದೆ ನನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದರು.

"ಹನ್ನೊಂದು ಸಲ ಎಂತಕ್ಕೆ ಬರೆಯುದು ಮಾರಾಯ್ರೆ, ಒಮ್ಮೆ ಬರೆದು ಕೆಳಗೆ ಗೆರೆ ಎಳೆದ್ರೆ ಆಯ್ತಲ್ಲ" ಎಂದರು.

ನೀವು ಹನ್ನೊಂದು ಸಲ ಬರೆದಿದ್ದೀರಿ ಎಂದೆ. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ನಾನು ಐದನೆಯದಕ್ಕೆ ಗೆರೆ ಹೊಡೆದೆ.